ಎರಡು ಮೂಲೆ ತಿರುಗುವ 'ರೀ'

ನಮ್ಮ ಊರಿನಲ್ಲಿ ಯಾರಾದರೂ ಒಬ್ಬರನ್ನು ಕರೆಯುತ್ತ ಕರೆಯುತ್ತಲೇ ತೀರಿಕೊಂಡರೆ ಆ ಕರೆ ಅವರೊಡನೆ ಹೋಗುವುದಿಲ್ಲ. ಊರಿನಲ್ಲೇ ಉಳಿದು ಯಾವುದಾದರೂ ಒಂದು ಗಂಟಲನ್ನು ಸೇರಿಕೊಳ್ಳುತ್ತದೆ. ಕರೆ ಯಾರಿಗಾಗಿಯೋ ಅವರೇ ಬಂದು ಒಂದು ಸಲ "ಓ" ಎಂದರೆ ಅಲ್ಲಿಗೆ ಮುಗಿಯಿತು. ಗಂಟಲಿಗೂ ಬಿಡುಗಡೆ, ಕರೆಗೂ ಬಿಡುಗಡೆ. ಅಲ್ಲಿಯವರೆಗೆ ಆ ಗಂಟಲಿನವರು ಮಾತಾಡಬಹುದು, ಹಾಡಬಹುದು, ಬೈಯಬಹುದು. ಯಾರನ್ನಾದರೂ ಕೂಗಲು ಬಾಯಿ ತೆರೆದರೆ ಮಾತ್ರ ಆ ಕರೆಯೇ ಹೊರಡುತ್ತದೆ.

ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಮೇಲಿನ ಬೀದಿಯ ಪುಟ್ಟಚ್ಚಮ್ಮಜ್ಜಿ ತನ್ನ ಬೆಕ್ಕನ್ನು ಹಾಲಿಗೆ ಕರೆಯುತ್ತ ಕಣ್ಣು ಮುಚ್ಚಿದಳು. ಆ "ಬಾ ಪುಚ್ಚೀ, ಬಾ ಬಾ ಬಾ" ಬ್ಯಾಂಕಿನ ಮ್ಯಾನೇಜರರ ಗಂಟಲಿಗೆ ಹೋಯಿತು. ಅವರು ಜವಾನನನ್ನು ಕೂಗಿದಾಗಲೆಲ್ಲ ಅದೇ. ಬೆಕ್ಕನ್ನು ಬುಟ್ಟಿಯಲ್ಲಿ ಕೊಂಡೊಯ್ದು ಅವರ ಮೇಜಿನ ಮೇಲೆ ಕೂರಿಸಿದರು. ಅದು ಮ್ಯಾನೇಜರರನ್ನು ಒಂದು ಸಲ ನೋಡಿ ಮುಖ ತೊಳೆದುಕೊಳ್ಳತೊಡಗಿತೇ ಹೊರತು ಮಿಯಾಂವ್ ಎನ್ನಲಿಲ್ಲ. ಕೊನೆಗೆ ಅವರು ವರ್ಗ ಮಾಡಿಸಿಕೊಂಡು ಹೋದರು. ಅಲ್ಲಿಯ ಜವಾನ ಪಾಪ ಬಹಳ ವಿಧೇಯನಂತೆ. ಅವನೇ ಮಿಯಾಂವ್ ಎಂದು ಓಡಿ ಬರುತ್ತಾನಂತೆ.

ನನ್ನ ಹೆಸರು ಅಳಸಿಂಗಯ್ಯ. ದೇವಸ್ಥಾನದ ಬೀದಿಯಲ್ಲಿ ಕರ್ಪೂರ, ಗಂಧ, ಅರಿಸಿನ, ಜನಿವಾರ ಮಾರುವ ಗ್ರಂಥಿಗೆ ಅಂಗಡಿ ನನ್ನದು. ಅಂಗಡಿ ಮುಂದೆ, ಮನೆ ಹಿಂದೆ. ಅಡಿಗೆಮನೆಯಿಂದ ಅಂಗಡಿಗೆ ಬರಬೇಕಾದರೆ ಉಗ್ರಾಣದ ಹತ್ತಿರ ಒಂದು ಮೂಲೆ, ಹಜಾರದ ಹತ್ತಿರ ಇನ್ನೊಂದು ಮೂಲೆ ತಿರುಗಬೇಕು. ನನ್ನ ಹೆಂಡತಿ ಶಿಂಗಾರಮ್ಮ ನಮ್ಮ ಕಾಲದ ಹೆಂಗಸು. ನನ್ನ ಹೆಸರು ಹೇಳಿದವಳಲ್ಲ. ಅಡಿಗೆಯಾದ ಕೂಡಲೆ ಒಲೆಯ ಬಳಿಯಿಂದಲೇ "ರೀ" ಎನ್ನುವಳು. ಆ ಒಂದು ಅಕ್ಷರ ಅಷ್ಟು ದೂರ ಬರಬೇಕಲ್ಲ? ಬಂದು ಬಂದು ಅದಕ್ಕೆ ದಾರಿ ರೂಢಿಯಾಗಿತ್ತು. ಒಲೆಯ ಹತ್ತಿರ ತಗ್ಗಿನಲ್ಲಿ ಹೊರಟು, ಉಗ್ರಾಣದ ಬಳಿ ಬಲಕ್ಕೆ ಬಳುಕಿ, ಹಜಾರದ ಬಳಿ ಎಡಕ್ಕೆ ಬಳುಕಿ, ಕೊನೆಗೆ ಸ್ವಲ್ಪ ಮೇಲೇರಿ ಪ್ರಶ್ನೆಯಂತೆ ನಿಲ್ಲುತ್ತಿತ್ತು. ಪೇಟೆಯ ಗದ್ದಲದ ನಡುವೆಯೂ ಅದು ನನ್ನದೆಂದು ನನಗೆ ತಿಳಿಯುತ್ತಿತ್ತು. ನಾನೂ ಮೊದಲ ಕರೆಗೇ ಓಗೊಡುವವನು.

ಹೋದ ಮಾಘದಲ್ಲಿ ಒಂದು ಮಧ್ಯಾಹ್ನ ಹಾಗೆಯೇ ಕರೆದಳು. ನಾನು ಕರ್ಪೂರ ತೂಗುತ್ತಿದ್ದೆ. "ಓ, ಬಂದೆ" ಎಂದೆ. ನನ್ನ "ಓ" ಎರಡು ಮೂಲೆ ತಿರುಗಿ ಅಡಿಗೆಮನೆ ಮುಟ್ಟುವಷ್ಟರಲ್ಲಿ ಅಲ್ಲಿ ಕೇಳಿಸಿಕೊಳ್ಳುವವರಿರಲಿಲ್ಲ. ಭಗವಂತನ ಇಚ್ಛೆ, ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ಅವಳ ಕರೆಯನ್ನು ಹುಡುಕತೊಡಗಿದೆ. ಸಂಧ್ಯಾವಂದನೆ ಮುಗಿಸಿ, ನಾಮ ಇಟ್ಟುಕೊಂಡು, ಕಿವಿ ತೆರೆದುಕೊಂಡು ಬೀದಿ ಬೀದಿ ತಿರುಗುವುದು. ಆದರೆ "ರೀ" ಎಂಬುದನ್ನು ಎಲ್ಲಿಂದ ಹುಡುಕುವುದು? ಊರಿನ ಗೃಹಿಣಿಯರೆಲ್ಲ ಗಂಡಂದಿರನ್ನು ಕರೆಯುವುದು "ರೀ". ಅಂಗಡಿಯವರು ಗಿರಾಕಿಯನ್ನು ಕರೆಯುವುದು "ರೀ". ಜಗಳವಾಡುವವರಿಗಂತೂ ಅದಿಲ್ಲದೆ ಜಗಳವೇ ಏಳದು. ಹೆಂಗಸಿನ ಕರೆ ಹೆಂಗಸಿನ ಗಂಟಲಿಗೇ ಹೋಗಿರುತ್ತದೆಂದು ನಾನು ಎಣಿಸಿದ್ದೆ. ತರಕಾರಿ ಮಾರುಕಟ್ಟೆಯಲ್ಲಿ ಹೆಂಗಸರ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಒಬ್ಬಾಕೆ "ಯಾಕ್ ತಾತ, ದಾರಿ ತಪ್ಪಿತಾ?" ಎಂದು ಕನಿಕರದಿಂದ ಕೇಳಿದಳು. ಇನ್ನೊಬ್ಬಾಕೆ ಕೇಳಿದ್ದು ಅಷ್ಟು ಕನಿಕರದಿಂದಲ್ಲ. ಅವಳ ಕೈಯಲ್ಲಿ ಪಡವಲಕಾಯಿಯಿತ್ತು.

ಹೀಗಿರುವಾಗ ನನ್ನ ಸ್ನೇಹಿತರಿಬ್ಬರು ಮನೆಗೆ ಬಂದು ಮಧ್ಯಾಹ್ನದ ಊಟಕ್ಕೆ ಹೋಟೆಲಿಗೆ ಹೋಗೋಣವೆಂದರು. ಒಬ್ಬ ಚನ್ನಿಗಪ್ಪ, ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಇನ್ನೊಬ್ಬರು ಫಿಲೋಮಿನಮ್ಮ, ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಶಿಂಗಾರಮ್ಮನ ಬಾಲ್ಯದ ಗೆಳತಿ.

"ಹೋಟೆಲಿನಲ್ಲಿ ನಾನು ತಿನ್ನುವುದಿಲ್ಲವೆಂದು ನಿಮಗೆ ಗೊತ್ತಿಲ್ಲವೆ?" ಎಂದೆ.

"ತಿನ್ನಿ ಅಂದೋರ್ಯಾರು ಸ್ವಾಮಿ? ಕೂತ್ಕೊಳ್ಳಿ ಸಾಕು" ಎಂದ ಚನ್ನಿಗಪ್ಪ.

"ನೀರು ಕುಡೀರಿ ಅಣ್ಣ. ನೀರಿಗೇನು ಅವ್ರು ಈರುಳ್ಳಿ ಹಾಕಲ್ಲ" ಎಂದರು ಫಿಲೋಮಿನಮ್ಮ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಕಂಡೆ. ಏನೋ ಮಸಲತ್ತು ಎನ್ನಿಸಿತು. ಆದರೂ ಮನೆಯಲ್ಲಿ ಒಬ್ಬನೇ ಕುಳಿತು ಮೊಸರನ್ನ ನುಂಗುವುದೂ ಬೇಸರವಾಗಿತ್ತು.

ಹೋಟೆಲು ಕಾಲೇಜಿನ ಎದುರಿಗಿತ್ತು. ಬಾಗಿಲ ಮೇಲೆ ಬಳ್ಳಿಯಂಥ ಅಕ್ಷರಗಳಲ್ಲಿ 'ಬನ್ನಿನಾಚೆ' ಎಂದು ಬರೆದಿತ್ತು. "ಬನ್ನಿ, ನಾಚದೆ ಎಂದು ಬರೆಯಲು ಹೋಗಿ ಪೇಂಟರು ಒಂದಕ್ಷರ ಬಿಟ್ಟಿದ್ದಾನೆ" ಎಂದೆ.

"ಅದು ಬನ್ನಿನ ಆಚೆ ಅಂತ ಸ್ವಾಮಿ. ಬನ್ ಐತಲ್ಲ, ಅದರಾಚೆ."

"ಅದರಾಚೆ ಏನಿದೆ?"

"ಚರಂಡಿ ಐತೆ. ನೋಡ್ಕೊಂಡು ದಾಟಿ."

ಒಳಗೆ ಗೋಡೆಗೆ ಗಾರೆಯಿರಲಿಲ್ಲ, ಇಟ್ಟಿಗೆಗಳು ಹಾಗೇ ಕಾಣುತ್ತಿದ್ದವು. ಪಾಪ, ದುಡ್ಡು ಸಾಲದೆ ಕೆಲಸ ಅರ್ಧಕ್ಕೆ ನಿಂತಿದೆಯೆಂದು ನಾನು ಮರುಗಿದೆ. ಅದೇ ಈಗಿನ ಅಂದವೆಂದು ಫಿಲೋಮಿನಮ್ಮ ತಿಳಿಸಿದರು. ಕುರ್ಚಿಗಳು ಎದೆಯೆತ್ತರ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಕೈಯಿಂದಲೇ ಮಾಡಿದ ಬರ್ಗರ್' ಎಂದು ಬರೆದಿದ್ದರು. ಬೇರೆಯವರು ಯಾವುದರಿಂದ ಮಾಡುತ್ತಾರೋ ಕೇಳೋಣವೆಂದುಕೊಂಡು ಸುಮ್ಮನಾದೆ. ಎಲ್ಲಕ್ಕಿಂತ ಸೋಜಿಗವೆಂದರೆ ಗಿರಾಕಿಗಳು. ಕಾಲೇಜು ಹುಡುಗರಿಗಾಗಿ ತೆರೆದ ಹೋಟೆಲಿನಲ್ಲಿ ಒಬ್ಬ ಹುಡುಗನೂ ಇರಲಿಲ್ಲ. ಆ ಎತ್ತರದ ಕುರ್ಚಿಗಳ ಮೇಲೆಲ್ಲ ಮುದುಕರು, ಹೆಂಡತಿಯನ್ನು ಕಳೆದುಕೊಂಡವರು, ಊರುಗೋಲನ್ನು ಮೇಜಿಗೆ ಒರಗಿಸಿ ಕಾಲು ಜೋತುಬಿಟ್ಟುಕೊಂಡು ಏನನ್ನೋ ಕಾಯುತ್ತ ಕೂತಿದ್ದರು.

ಚನ್ನಿಗಪ್ಪ ಹೋಗಿ ಗಲ್ಲಾದ ಹಿಂದಿದ್ದ ಹೆಣ್ಣುಮಗಳಿಗೆ ಬೇಕಾದ್ದನ್ನು ಹೇಳಿ ಬಂದ. ತಯಾರಾದಾಗ ಒಳಗಿನಿಂದ ಕೂಗುತ್ತಾರೆ, ನಾವೇ ಎದ್ದು ಹೋಗಿ ತರಬೇಕು, ಅದು ಅಲ್ಲಿಯ ಕ್ರಮ. ಒಲೆಯ ಹತ್ತಿರ ಹೋಟೆಲಿನ ಯಜಮಾನನೇ ನಿಂತಿದ್ದ. ಹೆಸರು ರಾಚಪ್ಪ. ಆನೆಯಂಥ ಆಳು, ಎದೆಯವರೆಗಿನ ಗಡ್ಡಕ್ಕೆ ರಬ್ಬರ್ ಬ್ಯಾಂಡು ಹಾಕಿ ಕಟ್ಟಿದ್ದ, ತೋಳಿನ ಮೇಲೆ ಟೊಮೇಟೊ ಹಣ್ಣಿನ ಹಚ್ಚೆ. ಆತ ಸಟ್ಟುಗ ಕೆಳಗಿಟ್ಟು, ಕೂಗಲು ಉಸಿರೆಳೆದುಕೊಂಡ. ಕೂಡಲೆ ಮುದುಕರೆಲ್ಲ ನೆಟ್ಟಗೆ ಕುಳಿತರು.

"ರೀ..."

ಆ ಹಾಲ್ ನೆಟ್ಟಗಿತ್ತು. ಅದರಲ್ಲಿ ಒಂದು ಮೂಲೆಯೂ ಇರಲಿಲ್ಲ. ಆದರೂ ಆ ಕರೆ ಒಲೆಯ ಹತ್ತಿರ ತಗ್ಗಿನಲ್ಲಿ ಹೊರಟು, ಯಾವುದೋ ಉಗ್ರಾಣದ ಬಳಿ ಬಲಕ್ಕೆ ಬಳುಕಿ, ಯಾವುದೋ ಹಜಾರದ ಬಳಿ ಎಡಕ್ಕೆ ಬಳುಕಿ, ಕಿಟಕಿಯ ಕಡೆಯಿಂದ ಬಂದು ನನ್ನ ಕಿವಿಗೆ ತಾಕಿತು. ಎಲ್ಲರೂ ಕಿಟಕಿಯ ಕಡೆ ತಿರುಗಿದರು. "ಓ" ಎಂದನೊಬ್ಬ ಮುದುಕ. "ಬಂದೆ ಕಣೇ" ಎಂದ ಇನ್ನೊಬ್ಬ. ಕೊನೆಯ ಮೇಜಿನಲ್ಲಿದ್ದ ಒಬ್ಬ ಬಹಳ ಸಿಡುಕಿನಿಂದ "ಇಲ್ಲೇ ಇದೀನಲ್ಲ, ಅದ್ಯಾಕೆ ಅರಚ್ಕೋತೀಯ?" ಎಂದು ಕಣ್ಣೊರೆಸಿಕೊಂಡ. ರಾಚಪ್ಪ ಗಂಟಲು ಹಿಡಿದು ನೋಡಿಕೊಂಡು, ಕರೆ ಹೋಗಲಿಲ್ಲವೆಂದು ತಲೆಯಾಡಿಸಿದ.

ನನ್ನ "ಓ" ನಾಲಿಗೆಯ ತುದಿಗೆ ಬಂದಿತ್ತು. ತುಟಿ ಮುಚ್ಚಿ ಅದನ್ನು ಹಾಗೇ ನುಂಗಿಬಿಟ್ಟೆ. "ಓ" ಎಂದರೆ ಮುಗಿಯಿತಲ್ಲ. ಇಷ್ಟು ತಿಂಗಳು ಅಲೆದು ಈಗ ಕೇಳಿದ್ದೇನೆ, ಇನ್ನೊಂದು ಸಲ ಕೇಳೋಣ ಎನ್ನಿಸಿತು.

ಚನ್ನಿಗಪ್ಪ ಹೋಗಿ ಬರ್ಗರನ್ನು ತಂದು ಇಟ್ಟ. ಅದನ್ನು ಒಂದು ಮರದ ಮಣೆಯ ಮೇಲಿಟ್ಟು ಕೊಟ್ಟಿದ್ದರು. ಕುರ್ಚಿ ಎತ್ತರವಾಗಿ ಕಷ್ಟಪಡುವ ನನ್ನಂಥವರಿಗೆ ನೆಲದ ಮೇಲೆ ಕೂರಲು ಮಣೆ ಕೊಟ್ಟಿದ್ದಾರೆಂದು ತಿಳಿದು, ಬನ್ನನ್ನು ಮೇಜಿನ ಮೇಲಿಟ್ಟು, ಮಣೆಯನ್ನು ಕೆಳಗೆ ಹಾಕಿಕೊಂಡು ಪೂರ್ವಾಭಿಮುಖವಾಗಿ ಕೂತೆ. ನನ್ನನ್ನು ನೋಡಿ ಇನ್ನೂ ನಾಲ್ವರು ಮುದುಕರು ಬಹಳ ಸಮಾಧಾನದಿಂದ ಕುರ್ಚಿಯಿಳಿದು ತಮ್ಮ ತಮ್ಮ ಮಣೆ ಹಾಕಿಕೊಂಡರು. ಗಲ್ಲಾದ ಹೆಣ್ಣುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಏಳಿ ಅಣ್ಣ, ಅದು ತಟ್ಟೆ" ಎಂದರು ಫಿಲೋಮಿನಮ್ಮ.

"ಮಣೆ ತಟ್ಟೆಯಾದರೆ ಕೂರುವುದೆಲ್ಲಿ?"

"ಅದನ್ನ ಈಗ್ಲೇ ನಿರ್ಧಾರ ಮಾಡ್ಬೇಡಿ. ಮೇಲೆ ಹತ್ತಿ."

ಬರ್ಗರಿನ ಎತ್ತರ ಒಂದು ಗೇಣಿತ್ತು. ಹಲಸಿನಕಾಯಿಯ ವಡೆ, ಸುಟ್ಟ ಬದನೆಕಾಯಿ, ಸೊಪ್ಪು, ಏನೇನೋ ಗೊಜ್ಜು, ಬೀಳದಂತೆ ನಡುವೆ ನಾಟಿದ ಒಂದು ಕಡ್ಡಿ. ಚನ್ನಿಗಪ್ಪ ಬಾಯಿ ತೆರೆದು ಎದುರಿಗೆ ಹಿಡಿದು ನೋಡಿದ, ಅಳತೆ ಹೊಂದಲಿಲ್ಲ. "ಹಿಂದಿನ ಬಾಗಿಲಿಂದ ಹತ್ತಬೇಕೇನೋ" ಎಂದು ಮಗ್ಗುಲಿನಿಂದ ಕಚ್ಚಿದ. ಆಚೆ ಮಗ್ಗುಲಿನಿಂದ ವಡೆಯಿಳಿದು ಅವನ ಜೇಬಿಗೆ ಹೋಯಿತು. ಫಿಲೋಮಿನಮ್ಮ ಹಲ್ಲಿನ ಸೆಟ್ಟನ್ನು ಕಳಚಿ ಕರವಸ್ತ್ರದಲ್ಲಿ ಕಟ್ಟಿ, ಬರ್ಗರನ್ನು ಆಪರೇಷನ್ ಮಾಡುವವರಂತೆ ಪದರ ಪದರ ಬಿಡಿಸಿಟ್ಟುಕೊಂಡರು. ನಾನು ನೀರು ಕುಡಿದೆ.

"ಇನ್ನೊಂದು ಹೇಳು ಚನ್ನಿಗಪ್ಪ" ಎಂದೆ.

"ನೀವು ತಿಂತೀರಾ?"

"ನೀನು ತಿನ್ನು."

ಮತ್ತೆ "ರೀ" ಬಂತು. ಮತ್ತೆ ನುಂಗಿದೆ. ಮತ್ತೊಂದು ಹೇಳಿಸಿದೆ. ಹೀಗೆ ಮೇಜಿನ ಮೇಲೆ ಮಣೆಗಳು ಮದುವೆಮನೆಯಲ್ಲಿ ಒಟ್ಟಿದಂತೆ ಒಟ್ಟಿಕೊಂಡವು. ಚನ್ನಿಗಪ್ಪ ಬೆಲ್ಟನ್ನು ಸಡಿಲಿಸಿದ. "ಸ್ವಾಮಿ, ಫುಲ್ಲಾಗೈತೆ. ಟಾಪ್ ಮೇಲೂ ಜಾಗ ಇಲ್ಲ" ಎಂದು ಕೈಮುಗಿದ.

ಫಿಲೋಮಿನಮ್ಮ ಹಲ್ಲು ಹಾಕಿಕೊಂಡು ನನ್ನನ್ನೇ ನೋಡಿದರು. "ಅಣ್ಣ, ಅದು ಅವಳ್ದೇ ತಾನೇ?"

"ಸರಿಯಾಗಿ ತಿಳಿಯುತ್ತಿಲ್ಲ. ಇನ್ನೊಂದು ಸಲ ಕೇಳಬೇಕು."

"ಹೋದ ವಾರ ಬಾಗಿಲಾಚೆ ಹೋಗ್ತಾ ಒಂದು ಸಲ ಕೇಳಿದ್ದಕ್ಕೇ ನಂಗೆ ಗೊತ್ತಾಯ್ತು. ಅದಕ್ಕೇ ಕರ್ಕೊಂಡ್ ಬಂದಿದ್ದು. ನಿಮ್ಗೆ ಗೊತ್ತಾಗ್ಲಿಲ್ವಾ? ಚನ್ನಿಗಪ್ಪ ಸಾಯ್ತಾ ಇದ್ದಾನೆ, ಬೇಗ ಹೇಳಿ."

"ಸಾಯೋದ್ ಬೇಡ ಕಣಕ್ಕ" ಎಂದ ಚನ್ನಿಗಪ್ಪ. "ನಾನು ಈಗ ಹೋದ್ರೆ ನನ್ನ ಹೋಲ್ಡಾನ್ ಯಾರ ಗಂಟಲಿಗೆ ಹೋಗ್ತದೋ. ಅದಕ್ಕೆ ಓ ಅನ್ನೋಕೆ ಬಸ್ಸೇ ಬರ್ಬೇಕು."

ಈ ಮಾತು ರಾಚಪ್ಪನ ಕಿವಿಗೆ ಬಿತ್ತೆಂದು ಕಾಣುತ್ತದೆ. ಒಲೆ ಸಣ್ಣಗೆ ಮಾಡಿ ನಮ್ಮ ಮೇಜಿಗೆ ಬಂದು ನಿಂತ. ಅಷ್ಟು ದೊಡ್ಡ ಆಳು, ಕೈಕಟ್ಟಿಕೊಂಡು, "ತಾತ, ನಿಮ್ದೇನಾ?" ಎಂದು ಪಿಸುದನಿಯಲ್ಲಿ ಕೇಳಿದ. ನಾನು ಇನ್ನೊಂದು ಗುಟುಕು ನೀರು ಕುಡಿದೆ.

"ನಿಮ್ದಾದ್ರೆ ಒಂದ್ಸಲ ಓ ಅಂದ್ಬಿಡಿ ತಾತ, ನಿಮ್ಮ ಕಾಲಿಗೆ ಬೀಳ್ತೀನಿ. ಹೋಟ್ಲು ಮಾಡಿದ್ದು ಕಾಲೇಜ್ ಹುಡುಗ್ರಿಗೆ ಅಂತ. ನಾನು ರೀ ಅಂದಿದ್ದನ್ನ ಕೇಳಿ ನಗಾಡಿ ಎಲ್ಲಾ ಓಡೋದ್ರು. ಈಗ ಬರೋರೆಲ್ಲ ಈ ಅಜ್ಜಂದ್ರು. ರಾಗಿ ಗಂಜಿ ಇದ್ಯಾ ಅಂತಾರೆ. ಕುರ್ಚಿಯಿಂದ ಇಳಿಸೋದೇ ನಂಗೊಂದು ಕೆಲ್ಸ ಆಗಿದೆ. ಮೊನ್ನೆ ಜನ ತುಂಬಿರೋ ಬಸ್‌ಸ್ಟ್ಯಾಂಡಲ್ಲಿ ನಮ್ಮಪ್ಪನ್ನ ಕೂಗಿದೆ, ರೀ ಅಂತ ಬಂತು. ನಮ್ಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ."

"ನೋಡೋಣ" ಎಂದೆ. ಅವನು ನಿಟ್ಟುಸಿರು ಬಿಟ್ಟು ಒಲೆಯ ಹತ್ತಿರ ಹೋದ.

ಅವನು ಅತ್ತ ತಿರುಗಿದ್ದೇ ತಡ, ಗಲ್ಲಾದ ಹೆಣ್ಣುಮಗಳು ಬಟ್ಟೆ ಹಿಡಿದುಕೊಂಡು ಬಂದು ನಮ್ಮ ಮೇಜನ್ನು ಒರೆಸತೊಡಗಿದಳು. ಒರೆಸಿದ ಕಡೆಯೇ ಒರೆಸಿದಳು. "ನಾನು ಕುಸುಮ, ಅವ್ರ ಮನೆಯೋಳು" ಎಂದಳು. "ತಾತ, ಓ ಅನ್ಬೇಡಿ."

"ಯಾಕಮ್ಮ?"

"ಮದ್ವೆ ಆದಾಗ್ಲಿಂದ ನಂಗೆ 'ಏಯ್' ತಾತ. ಅಡಿಗೆಮನೇಲಿದ್ರೂ ಏಯ್, ದೇವಸ್ಥಾನದಲ್ಲಿದ್ರೂ ಏಯ್. ಪಕ್ಕದ ಮನೆ ನಾಯಿಯನ್ನಾದ್ರೂ ಟೈಗರ್ ಅಂತಾರೆ. ಕೆಟ್ಟೋರಲ್ಲ, ಬಾಯಿ ಅಷ್ಟೆ. ಈಗ ಇದು ಬಂದಾಗಿನಿಂದ ಮನೇಲಿ ನನ್ನ ಕೂಗಿದ್ರೆ..." ಅವಳ ಕೈ ನಿಂತಿತು. "ಆ ಕೂಗು ಅವ್ರ್ದಲ್ಲ ಅಂತ ನಂಗೆ ಗೊತ್ತು. ಆದ್ರೂ ಕೇಳ್ದಾಗ ಒಂಥರಾ ಆಗುತ್ತೆ. ಯಾರೋ ಬಹಳ ದೂರದಿಂದ ನನ್ನನ್ನೇ ಹುಡುಕ್ಕೊಂಡು ಬಂದ ಹಾಗೆ. ತೆಗೀಬೇಡಿ ತಾತ."

ಹೀಗೆಂದು, ಒರೆಸಿದ್ದ ಮೇಜನ್ನು ಇನ್ನೊಮ್ಮೆ ಒರೆಸಿ ಹೋದಳು.

ನನಗೆ ಒಳಗೇ ಆನಂದವಾಯಿತು. ಎಲ್ಲಿಂದಲೋ ಪುಣ್ಯಾತ್ಮಳು ಬಂದು ಧರ್ಮದ ಆಸರೆ ಕೊಟ್ಟುಹೋದಳಲ್ಲ! ಎದೆಯುಬ್ಬಿಸಿ ಸ್ನೇಹಿತರಿಗೆ ಹೇಳಿದೆ: "ನಾನು ಓಗೊಡುವ ಹಾಗಿಲ್ಲ. ಒಂದು ಹೆಣ್ಣುಮಗಳ ಸಂಸಾರದ ಪ್ರಶ್ನೆ. ಪರರಿಗೆ ನೋವಾಗುವ ಕೆಲಸ ನಾನು ಮಾಡಲಾರೆ. ನಾಳೆಯಿಂದ ದಿನವೂ ಇಲ್ಲಿಗೇ ಬರೋಣ."

"ದಿನಾನಾ?" ಎಂದ ಚನ್ನಿಗಪ್ಪ. ಅವನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

ಫಿಲೋಮಿನಮ್ಮ ನಗಲಿಲ್ಲ. ಕರವಸ್ತ್ರವನ್ನು ಮಡಿಸುತ್ತ ಮೆಲ್ಲಗೆ, "ಅಣ್ಣ, ಒಂದು ಮಾತು. ಶಿಂಗಾರಿ ನಿಮ್ಮನ್ನ ಯಾತಕ್ಕೆ ಕರೀತಿದ್ಲು?" ಎಂದರು.

"ಊಟಕ್ಕೆ."

"ನೀವು ಬರೋದಕ್ಕೆ ಮುಂಚೆ ಅವ್ಳು ಯಾವತ್ತಾದ್ರೂ ಊಟ ಮಾಡಿದ್ದುಂಟಾ?"

ನಾನು ಎದುರಿಗಿದ್ದ ಮಣೆಯೊಂದನ್ನು ಸರಿಸಿಟ್ಟೆ.

"ನಾನು ಎಷ್ಟು ಬೈದಿದ್ದೀನಿ. ಸಕ್ಕರೆ ಕಾಯಿಲೆಯೋಳು, ಹೊತ್ತಿಗೆ ಸರಿಯಾಗಿ ತಿನ್ನೇ ಅಂತ. 'ಅವ್ರು ಬರ್ಲಿ' ಅನ್ನೋಳು. ಈಗ ಇಲ್ಲಿ ಈ ಗಡ್ಡದವನ ಗಂಟ್ಲಲ್ಲಿ ನಿಂತು ಕರೀತಾ ಇದ್ದಾಳೆ. ನೀವು ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಕೇಳಿಸ್ಕೋತಾ ಕೂತಿದ್ದೀರ. ಅವ್ಳದಿನ್ನೂ ಊಟ ಆಗಿಲ್ಲ ಅಣ್ಣ."

ನಾನು ದಿನವೂ ದೇವರಿಗೆ ನೈವೇದ್ಯ ಇಟ್ಟು ಉಣ್ಣುವವನು. ಈ ತಿಂಗಳುಗಳಲ್ಲಿ ಪಿಂಡ ಇಟ್ಟಿದ್ದೇನೆ, ತರ್ಪಣ ಕೊಟ್ಟಿದ್ದೇನೆ, ಬ್ರಾಹ್ಮಣರಿಗೆ ಬಡಿಸಿದ್ದೇನೆ. ಅವಳು ಮಾತ್ರ ಅನ್ನ ಆರಲು ಬಿಟ್ಟು ನಾನು ಬರಲೆಂದು ನಿಂತಿದ್ದಾಳೆ ಎಂಬುದು ನನಗೆ ತೋರಿರಲಿಲ್ಲ. ಎದುರಿಗಿದ್ದ ಮಣೆಗಳ ರಾಶಿ ಕಣ್ಣಿಗೆ ಮಸಕಾಯಿತು.

"ಚನ್ನಿಗಪ್ಪ, ಇನ್ನೊಂದೇ ಒಂದು ಹೇಳು" ಎಂದೆ.

"ಸ್ವಾಮಿ..."

"ಇದು ನಿನಗಲ್ಲ."

ಅವನು ಹೋಗಿ ಹೇಳಿದ. ಕುಸುಮ ನನ್ನ ಮುಖ ನೋಡಿದಳು. ನಾನು ಅವಳ ಕಡೆ ಕೈಮುಗಿದೆ. ಅವಳಿಗೆ ಅರ್ಥವಾಯಿತು; ತಲೆ ತಗ್ಗಿಸಿ, ಒಣಗಿದ್ದ ಲೋಟಗಳನ್ನೇ ಮತ್ತೆ ಒರೆಸತೊಡಗಿದಳು. ನಾನು ಉತ್ತರೀಯ ಸರಿಮಾಡಿಕೊಂಡು, ಕುರ್ಚಿಯಿಳಿದು ನಿಂತೆ. ಎಣ್ಣೆಯಲ್ಲಿ ವಡೆ ಕರಿಯುವ ಸದ್ದು ನಿಂತಿತು. ರಾಚಪ್ಪ ಸಟ್ಟುಗ ಇಟ್ಟು ಉಸಿರೆಳೆದ.

"ರೀ..."

ಉಗ್ರಾಣ ತಿರುಗಿತು. ಹಜಾರ ತಿರುಗಿತು. ನನ್ನ ಹತ್ತಿರ ಬಂದು, ಸ್ವಲ್ಪ ಮೇಲೇರಿ ನಿಂತಿತು.

"ಓ" ಎಂದೆ. "ಬಂದೆ. ನೀನು ಕೂತ್ಕೋ."

ಏನೂ ಆಗಲಿಲ್ಲ. ದೀಪಗಳು ಹಾಗೇ ಇದ್ದವು, ಇಟ್ಟಿಗೆಗಳು ಹಾಗೇ ಇದ್ದವು. ರಾಚಪ್ಪ ಮಾತ್ರ ಗಂಟಲಿಗೆ ಕೈಹಚ್ಚಿಕೊಂಡು, ಮೀನಿನ ಮುಳ್ಳು ಹೋದವನ ಹಾಗೆ ಎರಡು ಸಲ ಗುಟುಕರಿಸಿದ. ಆಮೇಲೆ ಬಾಗಿಲಿಗೆ ಓಡಿಹೋಗಿ "ಏಯ್ ಆಟೋ!" ಎಂದು ಅರಚಿದ. ಬೀದಿಯಲ್ಲಿ ಒಂದು ಆಟೋ ನಿಂತಿತು. "ಏನಿಲ್ಲ, ಹೋಗು ಹೋಗು!" ಎಂದು ಕುಣಿದಾಡಿದ. "ಲೋ ಸಿದ್ಲಿಂಗ! ಏಯ್ ಹಾಲು! ಏಯ್ ಪೇಪರ್!" ಎಂದು ಕಂಡಕಂಡವರನ್ನೆಲ್ಲ ಕೂಗಿದ. ಫೋನು ತೆಗೆದು "ಅಪ್ಪಾ!" ಎಂದು ಎಷ್ಟು ಜೋರಾಗಿ ಕೂಗಿದನೆಂದರೆ ಆಚೆಯವರು ಫೋನಿಟ್ಟುಬಿಟ್ಟರು. ಮುದುಕರಿಗೆ ವಿಷಯ ತಿಳಿಯಿತು. ಒಬ್ಬೊಬ್ಬರಾಗಿ ಊರುಗೋಲು ಹುಡುಕಿಕೊಂಡರು. ಸಿಡುಕಿನ ಮುದುಕ ಹೋಗುವ ಮುಂಚೆ ನನ್ನ ಹತ್ತಿರ ಬಂದು, "ನಿಮ್ಮೋರಾ?" ಎಂದ. ಹೌದೆಂದೆ. "ಒಳ್ಳೆ ಗಂಟಲು" ಎಂದು ಹೇಳಿ, ಹೋಗದೆ ಮತ್ತೆ ತನ್ನ ಜಾಗದಲ್ಲೇ ಕೂತ.

ನಾನು ಬರ್ಗರಿನ ಮಣೆಯನ್ನು ತಂದು ಮೇಜಿನ ಮೇಲೆ, ನನ್ನ ಪಕ್ಕದ ಖಾಲಿ ಕುರ್ಚಿಯ ಎದುರಿಗೆ ಇಟ್ಟೆ. ಈರುಳ್ಳಿಯನ್ನು ತೆಗೆದುಹಾಕಿ, ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡಿದೆ. ಫಿಲೋಮಿನಮ್ಮ ತಮ್ಮ ರೀತಿಯಲ್ಲಿ ಶಿಲುಬೆಯ ಗುರುತು ಹಾಕಿಕೊಂಡರು. ಚನ್ನಿಗಪ್ಪ ಇಷ್ಟು ದೊಡ್ಡದನ್ನು ಶಿಂಗಾರಮ್ಮನೋರು ಹೇಗೆ ಕಚ್ಚುತ್ತಾರೋ ಎಂದ. ಫಿಲೋಮಿನಮ್ಮ ಅವನ ತೊಡೆ ಚಿವುಟಿದರು.

ಅಷ್ಟು ಹೊತ್ತಿಗೆ ಸಿಡುಕಿನ ಮುದುಕ ಕೇಳಿದ್ದ ಆಲೂಗಡ್ಡೆ ತಯಾರಾಯಿತು. ಅವನಿಗೆ ಮತ್ತೆ ಕುರ್ಚಿಯಿಳಿಯುವುದು ಕಷ್ಟ, ಅದನ್ನು ಕೊಂಡೊಯ್ಯಲು ಕುಸುಮಳನ್ನೇ ಕರೆಯಬೇಕು. ರಾಚಪ್ಪ ಬಕೀಟಿನಂಥ ಪುಟ್ಟ ಪಾತ್ರೆ ಹಿಡಿದು ಅವಳ ಕಡೆ ತಿರುಗಿ, ಹೊಸ ಗಂಟಲಿನಿಂದ "ಏ..." ಎಂದ.

ಎಂದು ನಿಂತ. ಕುಸುಮ ಬೆನ್ನು ತಿರುಗಿಸಿ ಲೋಟ ಒರೆಸುತ್ತಿದ್ದಳು. ಅವಳ ಹೆಗಲು ಬಿಗಿಯಾದದ್ದು ನಮಗೆಲ್ಲ ಕಂಡಿತು, ಅವನಿಗೂ ಕಂಡಿರಬೇಕು. ಅವನು ಗಡ್ಡದ ರಬ್ಬರ್ ಬ್ಯಾಂಡನ್ನು ಎಳೆದುಬಿಟ್ಟ, ನಮ್ಮನ್ನು ನೋಡಿದ, ಪಾತ್ರೆಯನ್ನು ನೋಡಿದ. ಮುಖವೆಲ್ಲ ಅವನ ತೋಳಿನ ಟೊಮೇಟೊ ಹಣ್ಣಿನಂತಾಯಿತು.

"ರೀ" ಎಂದ.

ಅದು ಯಾವ ಮೂಲೆಯನ್ನೂ ತಿರುಗಲಿಲ್ಲ. ಒರಟಾಗಿ, ನೆಟ್ಟಗೆ, ತೊದಲಿಕೊಂಡು ಗಲ್ಲಾದವರೆಗೆ ಹೋಗಿ ಬಿತ್ತು. ಕುಸುಮ ತಿರುಗಲಿಲ್ಲ, ಕೈಯಲ್ಲಿದ್ದ ಲೋಟ ಮಾತ್ರ ತಿರುಗುವುದು ನಿಂತಿತು.

"ರೀ" ಎಂದ ಮತ್ತೆ, ಸ್ವಲ್ಪ ಜೋರಾಗಿ.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು. ಚನ್ನಿಗಪ್ಪ ನನ್ನ ಉತ್ತರೀಯದ ಅಂಚು ಹಿಡಿದು ಮೆಲ್ಲಗೆ ಕೆಳಗೆ ಎಳೆದ.

"ಕೂತ್ಕೊಳ್ಳಿ ಸ್ವಾಮಿ" ಎಂದ. "ಅದು ನಿಮ್ಮನ್ನಲ್ಲ."